ಹಳೆಯ ಗಿರಣಿಯನ್ನು ದಾಖಲಿಸಲು, ಉಳಿಸಲು ಹಣ ಎಲ್ಲಿಂದ ಬರುತ್ತದೆ?

ಮುಂಬಯಿಯ ಪರೇಲ್, ಲಾಲ್‌ಬಾಗ್, ವರ್ಲಿ, ಬೈಕಲಾ ಪ್ರದೇಶಗಳನ್ನು ಒಟ್ಟಾಗಿ ಗಿರಣಗಾಂವ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಇಲ್ಲಿ 58 ಬಟ್ಟೆ ಗಿರಣಿಗಳಿದ್ದವು. ಅವು ಹರಡಿಕೊಂಡಿದ್ದ ನೆಲ ಸುಮಾರು 600 ಎಕರೆ. ಅವುಗಳಲ್ಲಿ ಹೆಚ್ಚಿನವು ಇಂದು ಮಾಲ್, ಕಚೇರಿ, ವಸತಿ ಗೋಪುರಗಳಾಗಿವೆ. ವರ್ಲಿ, ನಾಯಗಾಂವ್ ಮತ್ತು ಎನ್.ಎಂ. ಜೋಶಿ ಮಾರ್ಗದಲ್ಲಿ ಕಾರ್ಮಿಕರ ತಲೆಮಾರುಗಳು ಬಾಳಿದ ಬಿಡಿಡಿ ಚಾಳುಗಳನ್ನೂ ಕೆಡವಿ ಹೊಸ ಕಟ್ಟಡಗಳನ್ನು ಎಬ್ಬಿಸಲಾಗುತ್ತಿದೆ. ಪಾಳಿ ಬಿಟ್ಟ ಹೊತ್ತಿಗೆ ಕಿಕ್ಕಿರಿಯುತ್ತಿದ್ದ ಹೋಟೆಲುಗಳನ್ನು ನಡೆಸಿದವರಲ್ಲಿ, ಅವುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದವರಲ್ಲಿ ತುಳು-ಕನ್ನಡಿಗರು ಬಹಳ ಮಂದಿ ಇದ್ದುದರಿಂದ ಈ ಬದಲಾವಣೆ ಮುಂಬಯಿ ಕನ್ನಡಿಗರ ಪಾಲಿಗೆ ಪರರ ಮನೆಯ ಸುದ್ದಿಯಾಗಿ ಉಳಿದಿಲ್ಲ. "ಇದನ್ನೆಲ್ಲ ಯಾರಾದರೂ ಬರೆದಿಡಬಾರದೇ, ಒಂದಷ್ಟನ್ನಾದರೂ ಉಳಿಸಬಾರದೇ" ಎಂಬ ಮಾತು ಸಂಘದ ಸಭೆಗಳಲ್ಲಿ ಬರುತ್ತದೆ. ಅದಕ್ಕೆ ದುಡ್ಡು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಎದ್ದೊಡನೆ ಚರ್ಚೆ ನಿಂತುಬಿಡುತ್ತದೆ. ಆ ಪ್ರಶ್ನೆಗೆ ಉತ್ತರವಿದೆ. ಅದು ಕಾನೂನು, ತೆರಿಗೆ ಮತ್ತು ನೆಲದ ಬೆಲೆ ಎಂಬ ಮೂರು ಕಡೆ ಚದುರಿ ಬಿದ್ದಿರುವುದರಿಂದ ಸಾಮಾನ್ಯ ಓದುಗರಿಗೆ ಕಾಣುವುದಿಲ್ಲ, ಅಷ್ಟೆ.

ಕೈಗಾರಿಕಾ ಪರಂಪರೆ ಎಂದರೆ ಯಾವುದು

ಪರಂಪರೆ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಗುಡಿ, ಕೋಟೆ, ಅರಮನೆ. ಕೈಗಾರಿಕಾ ಪರಂಪರೆಯ ವ್ಯಾಪ್ತಿ ಬೇರೆ. ಕೈಗಾರಿಕಾ ಪರಂಪರೆಯ ಸಂರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಸಮಿತಿಯು 2003ರಲ್ಲಿ ರಷ್ಯಾದ ನಿಜ್ನಿ ತಗೀಲ್ ಎಂಬ ಊರಿನಲ್ಲಿ ಅಂಗೀಕರಿಸಿದ ಸನ್ನದಿನ ಪ್ರಕಾರ ಕಾರ್ಖಾನೆ, ಗಿರಣಿ, ಗಣಿ, ಗೋದಾಮು, ವಿದ್ಯುತ್ ಉತ್ಪಾದನಾ ಕೇಂದ್ರ, ರೈಲು ಮತ್ತು ಬಂದರಿನ ವ್ಯವಸ್ಥೆ, ಯಂತ್ರಗಳು ಮಾತ್ರವಲ್ಲದೆ ಕಾರ್ಮಿಕರ ವಸತಿ, ಅವರು ಓದಿದ ಮತ್ತು ಪೂಜಿಸಿದ ಜಾಗಗಳು ಕೂಡ ಇದರೊಳಗೆ ಬರುತ್ತವೆ. ಕಾರ್ಮಿಕರ ನೆನಪು ಮತ್ತೆ ದೊರಕದ ಆಕರವಾದುದರಿಂದ ಅದನ್ನೂ ದಾಖಲಿಸಬೇಕೆಂದು ಅದೇ ಸನ್ನದು ಹೇಳುತ್ತದೆ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಮುಂಬಯಿಯ ಪಟ್ಟಿ ಉದ್ದವಾಗುತ್ತದೆ. ಕಾವಸ್‌ಜಿ ನಾನಾಭಾಯಿ ದಾವರ್ ಅವರು 1854ರಲ್ಲಿ ತಾಡದೇವ್‌ನಲ್ಲಿ ಸ್ಥಾಪಿಸಿ 1856ರಲ್ಲಿ ಉತ್ಪಾದನೆ ಆರಂಭಿಸಿದ ನಗರದ ಮೊದಲ ಹತ್ತಿಗಿರಣಿಯಿಂದ ಶುರುವಾಗಿ, 1875ರ ಸಸೂನ್ ಡಾಕ್, 1880ರ ಪ್ರಿನ್ಸಸ್ ಡಾಕ್, ಗಿರಣಿಗಳಿಗೆ ಜಲವಿದ್ಯುತ್ ಕಳುಹಿಸಲು ಟಾಟಾ ಸಂಸ್ಥೆ 1915ರಲ್ಲಿ ಖೋಪೋಲಿಯಲ್ಲಿ ಚಾಲನೆಗೊಳಿಸಿದ ವಿದ್ಯುದಾಗಾರ, ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಹಳೆಯ ಚಾಳು ಮತ್ತು ಗೋದಾಮುಗಳ ಮೇಲೆ ಕುಳಿತಿರುವ ಮಂಗಳೂರು ಹೆಂಚೂ ಈ ಸರಪಳಿಯಲ್ಲಿ ಸೇರುತ್ತದೆ. ಬಾಸೆಲ್ ಮಿಷನ್ ತನ್ನ ಮೊದಲ ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನಲ್ಲಿ ತೆರೆಯಿತು. ಹೆಂಚಿನ ಮೈಮೇಲೆ ಕಾರ್ಖಾನೆಯ ಹೆಸರನ್ನು ಒತ್ತುವ ಪದ್ಧತಿ ಇದ್ದುದರಿಂದ ಒಂದು ಒಡಕು ಹೆಂಚು ಕೂಡ ಸರಕು ಎಲ್ಲಿಂದ ಎಲ್ಲಿಗೆ ಬಂತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಕೆಡವುವ ಗುತ್ತಿಗೆದಾರನ ಲಾರಿಯಲ್ಲಿ ಮೊದಲು ಹೊರಟುಹೋಗುವುದು ಇಂಥ ಸಾಕ್ಷಿಗಳೇ.

ದಾಖಲಾತಿ ಎಂದರೆ ಏನು ಮಾಡುತ್ತಾರೆ

ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದರೆ ದಾಖಲಾತಿ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಖರ್ಚು ಎಲ್ಲಿ ಬೀಳುತ್ತದೆ ಎಂಬುದು ಅರ್ಥವಾಗಬೇಕಾದರೆ ಒಂದು ನೇಯ್ಗೆಯ ಶೆಡ್ಡನ್ನು ಹತ್ತಿರದಿಂದ ನೋಡಬೇಕು.

ಅದರ ಮಾಡು ಗರಗಸದ ಹಲ್ಲಿನಂತೆ ಸಾಲುಸಾಲಾಗಿ ಏರಿಳಿಯುತ್ತದೆ. ಪ್ರತಿ ಹಲ್ಲಿನ ಕಡಿದಾದ ಬದಿಗೆ ಗಾಜು ಕೂರಿಸಲಾಗಿದ್ದು, ಆ ಬದಿ ಉತ್ತರಕ್ಕೆ ಮುಖಮಾಡಿರುತ್ತದೆ. ನೇರ ಬಿಸಿಲು ಬೀಳದೆ ದಿನವಿಡೀ ಸಮನಾದ ಬೆಳಕು ಮಗ್ಗದ ಮೇಲೆ ಬೀಳಲಿ, ಹರಿದ ಎಳೆ ನೇಕಾರನ ಕಣ್ಣಿಗೆ ಕಾಣಲಿ ಎಂಬುದು ಇದರ ಉದ್ದೇಶ. ಕೆಳಗೆ ಬೀಡುಕಬ್ಬಿಣದ ತೆಳ್ಳನೆಯ ಕಂಬಗಳು. ಅನೇಕ ಗಿರಣಿಗಳಲ್ಲಿ ಈ ಕಂಬಗಳು ಒಳಗೆ ಟೊಳ್ಳಾಗಿದ್ದು, ಮಾಡಿನ ಕಣಿವೆಯಲ್ಲಿ ನಿಂತ ಮಳೆನೀರು ಅವುಗಳೊಳಗಿಂದಲೇ ನೆಲದಡಿಯ ಚರಂಡಿಗೆ ಇಳಿಯುತ್ತಿತ್ತು. ಕಂಬದ ತಲೆಯ ಬಳಿ ಬೋಲ್ಟು ಕೂರಿಸಿದ ತೂತುಗಳಿದ್ದರೆ ಅಲ್ಲಿ ಉದ್ದನೆಯ ತಿರುಗುದಂಡವನ್ನು ತೂಗುಹಾಕಿದ್ದರೆಂದು ತಿಳಿಯುತ್ತದೆ: ಒಂದೇ ಉಗಿಯಂತ್ರದ ಶಕ್ತಿ ಆ ದಂಡದ ಮೂಲಕ ಹರಿದು ಚರ್ಮದ ಪಟ್ಟಿಗಳಿಂದ ನೂರಾರು ಮಗ್ಗಗಳಿಗೆ ಇಳಿಯುತ್ತಿತ್ತು. ಪ್ರತಿ ಮಗ್ಗಕ್ಕೂ ಪ್ರತ್ಯೇಕ ವಿದ್ಯುತ್ ಮೋಟಾರು ಬಂದ ಮೇಲೆ ದಂಡಗಳನ್ನು ಕಳಚಿದರು, ತೂತುಗಳು ಉಳಿದವು. ನೆಲದ ಮೇಲಿನ ಎಣ್ಣೆಯ ಕಲೆಗಳ ನಡುವಿನ ಅಂತರವನ್ನು ಅಳೆದರೆ ಮಗ್ಗಗಳನ್ನು ಎಷ್ಟು ಒತ್ತೊತ್ತಾಗಿ ನಿಲ್ಲಿಸಿದ್ದರು, ಒಬ್ಬ ಕೆಲಸಗಾರ ಅವುಗಳ ನಡುವೆ ಎಷ್ಟು ಜಾಗದಲ್ಲಿ ಓಡಾಡುತ್ತಿದ್ದ ಎಂಬುದು ಗೊತ್ತಾಗುತ್ತದೆ.

ಇದನ್ನೆಲ್ಲ ಓದಬಲ್ಲ ವಾಸ್ತುಶಿಲ್ಪಿ, ಎಂಜಿನಿಯರ್, ಇತಿಹಾಸಕಾರ ಒಟ್ಟಿಗೆ ಬೇಕು. ಅವರು ಸ್ಥಳದ ಅಳತೆ ತೆಗೆದು ನಕ್ಷೆ ಬರೆಯುತ್ತಾರೆ. ಲೇಸರ್ ಸ್ಕ್ಯಾನರ್ ಇದ್ದರೆ ಅಳತೆ ಬೇಗ ಆಗುತ್ತದೆ, ಆದರೆ ಯಂತ್ರ ಕೊಟ್ಟ ಕೋಟಿಗಟ್ಟಲೆ ಬಿಂದುಗಳನ್ನು ಅರ್ಥವುಳ್ಳ ನಕ್ಷೆಯನ್ನಾಗಿಸುವುದು ಮನುಷ್ಯರ ಕೆಲಸ. ಛಾಯಾಚಿತ್ರಗಳಿಗೆ ಸ್ಥಳ, ದಿಕ್ಕು, ದಿನಾಂಕದ ಟಿಪ್ಪಣಿ ಬೇಕು. ಕಟ್ಟಡದ ಗಟ್ಟಿತನದ ಪರೀಕ್ಷೆ ಬೇಕು. ಗಿರಣಿಯ ಹಾಜರಿ ಪುಸ್ತಕ, ಕೂಲಿಯ ಲೆಕ್ಕ, ಯಂತ್ರದ ಕ್ಯಾಟಲಾಗು, ಬದಲಿ ಕಾರ್ಮಿಕರ ಪಾಸು, ಇವುಗಳನ್ನು ಗೆದ್ದಲಿನಿಂದ ಬಿಡಿಸಿ ಸ್ಕ್ಯಾನ್ ಮಾಡಿ ಸೂಚಿ ತಯಾರಿಸಬೇಕು. ಕೊನೆಯದಾಗಿ ಮೌಖಿಕ ಇತಿಹಾಸ: ದುಡಿದವರ ಮಾತನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸುವುದು. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಮರಾಠಿಯ ನಡುವೆ ತುಳು, ಕನ್ನಡ, ತೆಲುಗು, ಉರ್ದು ಬೆರೆತ ಗಿರಣಗಾಂವ್‌ನ ಮಾತಿಗೆ ಇನ್ನೂ ಹೆಚ್ಚು.

ಈ ಕೊನೆಯ ಕೆಲಸ ಕಾಯುವಂಥದಲ್ಲ. ದತ್ತಾ ಸಾಮಂತ್ ಅವರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಆರಂಭವಾದದ್ದು 1982ರ ಜನವರಿ 18ರಂದು. ಆಗ ಇಪ್ಪತ್ತೈದರ ಪ್ರಾಯದಲ್ಲಿದ್ದವರು ಇಂದು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಕಟ್ಟಡಕ್ಕೆ ಟೇಕು ಕೊಟ್ಟು ಹತ್ತು ವರ್ಷ ನಿಲ್ಲಿಸಬಹುದು. ನೆನಪಿಗೆ ಹಾಗೆ ಟೇಕು ಕೊಡಲು ಬರುವುದಿಲ್ಲ.

ಕೊಡುವವರ ಕೈ ಎಲ್ಲಿ ಬಿಗಿಯಾಗುತ್ತದೆ

ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಒಂದು ಸಂಗತಿ ಕಾಣುತ್ತದೆ. ದಾಖಲಾತಿಯ ಖರ್ಚಿನ ಬಹುಪಾಲು ಜನರ ವೇಳೆಗೆ ಹೋಗುತ್ತದೆ, ವಸ್ತುಗಳಿಗಲ್ಲ. ಜೀರ್ಣೋದ್ಧಾರದ ಖರ್ಚು ಹಲವು ಪಟ್ಟು ದೊಡ್ಡದಾದರೂ ಕಲ್ಲು, ಕಬ್ಬಿಣ, ಗಾರೆಯ ರೂಪದಲ್ಲಿ ಕಣ್ಣಿಗೆ ಕಾಣುತ್ತದೆ. ಮುಂಬಯಿಯಲ್ಲಿ ನೆಲೆಸಿದ ನಮ್ಮವರು ಊರಿನ ದೇವಸ್ಥಾನಕ್ಕೆ ಹಣ ಕೂಡಿಸುವ ರೀತಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ: ಬ್ರಹ್ಮಕಲಶಕ್ಕೆ, ಗೋಪುರಕ್ಕೆ, ಹೆಸರು ಕೆತ್ತಿಸುವ ಅಮೃತಶಿಲೆಗೆ ವಂತಿಗೆ ಸುಲಭವಾಗಿ ಸೇರುತ್ತದೆ, ನಂದಾದೀಪದ ಎಣ್ಣೆಗೆ, ಅಂಗಳದ ಶಾಸನವನ್ನು ತಜ್ಞರಿಂದ ಓದಿಸಿ ಅಚ್ಚುಮಾಡಿಸಲು ಕೇಳಿದರೆ ಪಟ್ಟಿ ಅರ್ಧದಲ್ಲೇ ನಿಲ್ಲುತ್ತದೆ. ಕೈಗಾರಿಕಾ ತಾಣಗಳಲ್ಲೂ ದಾಖಲಾತಿ ಮತ್ತು ದಿನನಿತ್ಯದ ನಿರ್ವಹಣೆ ಎಂಬ ಎರಡು ತುದಿಗಳಲ್ಲಿ ಹಣ ಸಿಗುವುದು ಕಷ್ಟ, ನಡುವಿನ ದುರಸ್ತಿಗೆ ಸಿಗುವುದು ತುಸು ಸುಲಭ.

ಇದರ ಪರಿಣಾಮವೂ ಸರಳ. ದಾಖಲೆ ಇಲ್ಲದ ತಾಣಕ್ಕೆ ದುರಸ್ತಿಯ ಅಂದಾಜು ತಯಾರಿಸಲಾಗುವುದಿಲ್ಲ. ಅಂದಾಜು ಇಲ್ಲದೆ ದೊಡ್ಡ ಅರ್ಜಿ ಹಾಕಲಾಗುವುದಿಲ್ಲ. ಅತಿ ಸಣ್ಣ ಮೊತ್ತ ಸಿಗದ ಕಾರಣಕ್ಕೆ ಅತಿ ದೊಡ್ಡ ಮೊತ್ತವೂ ತಪ್ಪಿಹೋಗುತ್ತದೆ.

ಸರಕಾರದ ರಕ್ಷಣೆ ಇಲ್ಲಿ ಏಕೆ ಅಪರೂಪ

ಕೇಂದ್ರ ಸರಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಅಡಿಯಲ್ಲಿ ನೂರು ವರ್ಷ ತುಂಬಿದ ಕಟ್ಟಡವನ್ನು ರಾಷ್ಟ್ರೀಯ ಮಹತ್ವದ ಸ್ಮಾರಕವೆಂದು ಘೋಷಿಸಬಹುದು. ಹಾಗೆ ಘೋಷಿತವಾದ 3,600ಕ್ಕೂ ಹೆಚ್ಚು ಸ್ಮಾರಕಗಳ ನಿರ್ವಹಣೆಯ ಹೊಣೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದು, ಹಣ ಕೇಂದ್ರದ ಬಜೆಟ್ಟಿನದು. ಆ ಪಟ್ಟಿ ಬಹುಮಟ್ಟಿಗೆ ಗುಡಿ, ಗುಹೆ, ಕೋಟೆ, ಗೋರಿಗಳದು. ವಯಸ್ಸಿನ ಲೆಕ್ಕದಲ್ಲಿ ಅನೇಕ ಗಿರಣಿಗಳು ಅರ್ಹವಾದರೂ ಇನ್ನೊಂದು ತೊಡಕಿದೆ. 2010ರ ತಿದ್ದುಪಡಿಯ ನಂತರ ಇಂಥ ಸ್ಮಾರಕದ ಸುತ್ತ 100 ಮೀಟರ್ ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ವರೆಗೆ ಅನುಮತಿ ಬೇಕು. ಲೋವರ್ ಪರೇಲಿನಂಥ ಜಾಗದಲ್ಲಿ ಇಂಥ ಘೋಷಣೆಗೆ ಒತ್ತಾಯಿಸುವ ಧೈರ್ಯ ಯಾವ ಕಚೇರಿಗೂ ಬರುವುದು ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಾಗಿ ಮುಂಬಯಿಯಲ್ಲಿ ನಿಜವಾದ ಕೆಲಸ ಮಾಡುವುದು ನಗರಮಟ್ಟದ ನಿಯಮ. 1995ರಲ್ಲಿ ಬಂದ ಪರಂಪರೆ ನಿಯಮಗಳು ಕಟ್ಟಡಗಳನ್ನು ಒಂದು, ಎರಡು, ಮೂರನೆಯ ಶ್ರೇಣಿಗಳಾಗಿ ವಿಂಗಡಿಸಿ, ಪಟ್ಟಿಯಲ್ಲಿರುವ ಕಟ್ಟಡವನ್ನು ಬದಲಿಸುವ ಮುನ್ನ ಪರಂಪರೆ ಸಂರಕ್ಷಣಾ ಸಮಿತಿಯ ಅಭಿಪ್ರಾಯ ಪಡೆಯುವ ವ್ಯವಸ್ಥೆ ಮಾಡಿದವು. ಗಮನಿಸಬೇಕಾದ ಅಂಶವೆಂದರೆ, ಪಟ್ಟಿಗೆ ಸೇರಿದ ಮಾತ್ರಕ್ಕೆ ಮಾಲೀಕನ ಕೈಗೆ ದುರಸ್ತಿಯ ಹಣ ಬರುವುದಿಲ್ಲ. ಪಟ್ಟಿ ಕೈ ಕಟ್ಟುತ್ತದೆ, ಜೇಬು ತುಂಬಿಸುವುದಿಲ್ಲ.

ದಾನ, ತೆರಿಗೆ, ಸಿಎಸ್ಆರ್

ಸರಕಾರದ ಹೊರಗಿನ ಹಣಕ್ಕೆ ಇಂದು ದೊಡ್ಡ ಬಾಗಿಲು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ವೆಚ್ಚ, ಅಂದರೆ ಸಿಎಸ್ಆರ್. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ನಿಗದಿತ ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕು. ಯಾವ ಕೆಲಸಗಳೆಂಬುದನ್ನು ಕಾಯಿದೆಯ ಏಳನೆಯ ಅನುಸೂಚಿ ಹೇಳುತ್ತದೆ. ರಾಷ್ಟ್ರೀಯ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಮತ್ತು ಐತಿಹಾಸಿಕ ಮಹತ್ವದ ಕಟ್ಟಡ, ತಾಣಗಳ ಪುನರುಜ್ಜೀವನ ಅದರಲ್ಲಿ ಸೇರಿದೆ. ಗಿರಣಿಯನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ, ಹೊರಗಿಟ್ಟೂ ಇಲ್ಲ.

ಈ ಬಾಗಿಲಿಗೆ ಎರಡು ಹೊಸ್ತಿಲುಗಳಿವೆ. ಹಲವು ವರ್ಷ ನಡೆಯುವ ಸಿಎಸ್ಆರ್ ಯೋಜನೆ, ಆರಂಭದ ವರ್ಷವನ್ನು ಬಿಟ್ಟು, ಮೂರು ವರ್ಷಗಳೊಳಗೆ ಮುಗಿಯಬೇಕು. ದುರಸ್ತಿಗೆ ಇದು ಸಾಕಾಗಬಹುದು. ಸಂಗ್ರಹವನ್ನು ಶಾಶ್ವತವಾಗಿ ಕಾಯಲು ಇದು ಹೊಂದುವುದಿಲ್ಲ. ಎರಡನೆಯದು ಹಣ ಪಡೆಯುವ ಸಂಸ್ಥೆಯ ಅರ್ಹತೆ: ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿಯಾಗಿದ್ದು, ಸಂಸ್ಥೆಯ ಆದಾಯಕ್ಕೂ ದಾನಿಯ ದೇಣಿಗೆಗೂ ತೆರಿಗೆ ರಿಯಾಯಿತಿ ಕೊಡುವ, ಆದಾಯ ತೆರಿಗೆ ಕಾಯಿದೆಯಲ್ಲಿ 12ಎ ಮತ್ತು 80ಜಿ ಎಂದು ಪರಿಚಿತವಾದ ನೋಂದಣಿಗಳನ್ನು ಪಡೆದು, ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಹೊಂದಿ, 2021ರಿಂದ ಜಾರಿಯಲ್ಲಿರುವಂತೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್ಆರ್-1 ನಮೂನೆಯನ್ನು ಸಲ್ಲಿಸಿರಬೇಕು.

ಎರಡನೆಯ ದಾರಿ ರಾಷ್ಟ್ರೀಯ ಸಂಸ್ಕೃತಿ ನಿಧಿ. ಕೇಂದ್ರ ಸರಕಾರ 1996ರಲ್ಲಿ ಇದನ್ನು ಟ್ರಸ್ಟ್ ಆಗಿ ಸ್ಥಾಪಿಸಿತು. ದಾನಿಯು ತನಗೆ ಬೇಕಾದ ಯೋಜನೆಯನ್ನು ಹೆಸರಿಸಿ ಹಣ ಕೊಡಬಹುದು, ಯೋಜನೆಯ ಸಮಿತಿಯಲ್ಲಿ ಅವನ ಪ್ರತಿನಿಧಿಗೂ ಜಾಗವಿರುತ್ತದೆ, ಕೊಟ್ಟ ಪೂರ್ತಿ ಮೊತ್ತಕ್ಕೆ ತೆರಿಗೆ ವಿನಾಯಿತಿ ಇದೆ. ವೈಯಕ್ತಿಕ ದಾನಿಗಳು ಒಂದು ವಿಷಯ ಮರೆಯಬಾರದು: ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ದಾನದ ಮೇಲಿನ ಈ ವಿನಾಯಿತಿ ದೊರೆಯುವುದಿಲ್ಲ. ಸಣ್ಣ ಸಂಘಗಳಿಗೆ ಮಧ್ಯಮವರ್ಗದಿಂದ ಬರುತ್ತಿದ್ದ ದೇಣಿಗೆಯ ಒಂದು ಆಕರ್ಷಣೆ ಇದರಿಂದ ಕಡಿಮೆಯಾಗಿದೆ.

ವಿದೇಶದ ಅನುದಾನಗಳೂ ಇವೆ, ದಾಖಲಾತಿಗೆ ನೇರವಾಗಿ ಹಣ ಕೊಡುವ ಗುಣ ಹೆಚ್ಚಾಗಿ ಅವುಗಳದೇ. ಅಳಿವಿನಂಚಿನ ಕಾಗದಪತ್ರಗಳ ಡಿಜಿಟಲೀಕರಣಕ್ಕೆ ಬ್ರಿಟಿಷ್ ಲೈಬ್ರರಿ 2004ರಿಂದ ಒಂದು ಕಾರ್ಯಕ್ರಮ ನಡೆಸುತ್ತಿದೆ, ಆದರೆ ಅದರ ಒಲವು ಆಧುನಿಕಪೂರ್ವ ಕಾಲದ ಸಾಮಗ್ರಿಯ ಕಡೆಗೆ. ಇಪ್ಪತ್ತನೆಯ ಶತಮಾನದ ಗಿರಣಿ ಕಾಗದಗಳಿಗೆ ಹೆಚ್ಚು ಹೊಂದುವುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಗ್ರಂಥಾಲಯ 2018ರಲ್ಲಿ ಆರಂಭಿಸಿದ ಕಾರ್ಯಕ್ರಮ. ಎರಡಕ್ಕೂ ಹಣ ಅರ್ಕೇಡಿಯಾ ಎಂಬ ದತ್ತಿಸಂಸ್ಥೆಯದು. ಮೂಲ ಕಾಗದ ನಮ್ಮಲ್ಲೇ ಉಳಿಯುತ್ತದೆ, ಡಿಜಿಟಲ್ ಪ್ರತಿ ಎಲ್ಲರಿಗೂ ತೆರೆದಿರುತ್ತದೆ. ಆದರೆ ವಿದೇಶದ ಹಣ ಪಡೆಯಲು ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಮತ್ತು 2020ರ ತಿದ್ದುಪಡಿಯ ನಂತರ ಹೀಗೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆ ಪಡೆದು ಸಣ್ಣ ಸಂಘಕ್ಕೆ ಹಂಚುವ ಹಳೆಯ ದಾರಿ ಅಲ್ಲಿಗೆ ಮುಚ್ಚಿತು.

ಮುಂಬಯಿಯಲ್ಲಿ ನೆಲವೇ ಹಣ

ಈವರೆಗೆ ಹೇಳಿದ್ದೆಲ್ಲ ಹೊರಗಿನಿಂದ ಬರುವ ಹಣದ ಮಾತು. ಗಿರಣಿಯ ವಿಷಯದಲ್ಲಿ ಅದಕ್ಕಿಂತ ಹಲವು ಪಟ್ಟು ಹಣ ಗಿರಣಿಯ ಕಾಲಬುಡದಲ್ಲೇ ಇದೆ. 2005ರಲ್ಲಿ ರಾಷ್ಟ್ರೀಯ ಜವಳಿ ನಿಗಮವು ಲೋವರ್ ಪರೇಲಿನ ಮುಂಬಯಿ ಟೆಕ್ಸ್‌ಟೈಲ್ ಮಿಲ್ಸ್‌ನ ಸುಮಾರು 17 ಎಕರೆ ನೆಲವನ್ನು ಹರಾಜು ಹಾಕಿದಾಗ ಸಿಕ್ಕ ಬೆಲೆ 702 ಕೋಟಿ ರೂಪಾಯಿ. ಇಂಥ ನೆಲದ ಮೇಲೆ ಹಳೆಯ ಶೆಡ್ಡನ್ನು ಉಳಿಸುವ ನಿಜವಾದ ಖರ್ಚು ಗಾರೆಯದೂ ಅಲ್ಲ, ಕಬ್ಬಿಣದ್ದೂ ಅಲ್ಲ. ಅಲ್ಲಿ ಕಟ್ಟಬಹುದಾಗಿದ್ದ ಗೋಪುರವನ್ನು ಕಟ್ಟದೆ ಬಿಡುವುದರ ನಷ್ಟ.

ಆ ನಷ್ಟವನ್ನು ತುಂಬಿಕೊಡುವ ಉಪಾಯವನ್ನು ತಿಳಿಯಲು ಎಫ್ಎಸ್ಐ ಎಂಬ ಲೆಕ್ಕ ಗೊತ್ತಿರಬೇಕು. ಒಂದು ನಿವೇಶನದ ಮೇಲೆ ಎಲ್ಲ ಮಹಡಿಗಳನ್ನೂ ಕೂಡಿಸಿ ಎಷ್ಟು ವಿಸ್ತೀರ್ಣ ಕಟ್ಟಬಹುದು ಎಂಬುದರ ಅನುಪಾತವೇ ಎಫ್ಎಸ್ಐ. 1991ರ ನಿಯಮಗಳಲ್ಲಿ ದ್ವೀಪನಗರದ, ಅಂದರೆ ಉಪನಗರಗಳನ್ನು ಬಿಟ್ಟ ಹಳೆಯ ಮುಂಬಯಿಯ, ಮೂಲ ಎಫ್ಎಸ್ಐ 1.33 ಇತ್ತು, ಅಂದರೆ 1,000 ಚದರ ಮೀಟರ್ ನಿವೇಶನದಲ್ಲಿ 1,330 ಚದರ ಮೀಟರ್ ಕಟ್ಟಬಹುದು. ಅಲ್ಲಿ ಪರಂಪರೆ ಪಟ್ಟಿಯ ಸಣ್ಣ ಕಟ್ಟಡವಿದ್ದು ಮಾಲೀಕ ತನ್ನ ಪಾಲಿನ ವಿಸ್ತೀರ್ಣವನ್ನು ಬಳಸಲಾಗದಿದ್ದರೆ, ಬಳಸದೆ ಉಳಿದ ಹಕ್ಕನ್ನು ಅವನು ಬೇರೆಡೆ ಕಟ್ಟುವವರಿಗೆ ಮಾರಬಹುದು. ಇದಕ್ಕೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ಬಾಯಿಮಾತಿನಲ್ಲಿ ಟಿಡಿಆರ್, ಎನ್ನುತ್ತಾರೆ. ಪರಂಪರೆ ಕಟ್ಟಡಗಳ ಮಾಲೀಕರಿಗೆ ಈ ಅವಕಾಶವನ್ನು 1995ರ ನಿಯಮಗಳೇ ಕೊಟ್ಟಿವೆ. ಸರಕಾರ ಖಜಾನೆಯಿಂದ ಒಂದು ರೂಪಾಯಿಯನ್ನೂ ತೆಗೆಯದೆ ಸಂರಕ್ಷಣೆಗೆ ಹಣ ಹುಟ್ಟಿಸುವ ಉಪಾಯವಿದು. ಅದರ ಭಾರ ಹೆಚ್ಚುವರಿ ಮಹಡಿಗಳ ರೂಪದಲ್ಲಿ ಉಪನಗರಗಳ ಮೇಲೆ ಬೀಳುತ್ತದೆ ಎಂಬುದೂ ಅಷ್ಟೇ ನಿಜ.

ಗಿರಣಿ ಜಮೀನಿಗೆ ಬೇರೆಯೇ ಸೂತ್ರವಿತ್ತು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ 58ನೆಯ ನಿಯಮವು ಮಾರಾಟವಾಗುವ ಗಿರಣಿ ನೆಲವನ್ನು ಸ್ಥೂಲವಾಗಿ ಮೂರು ಪಾಲು ಮಾಡಿ, ಒಂದನ್ನು ಬಯಲುಜಾಗಕ್ಕಾಗಿ ಪಾಲಿಕೆಗೆ, ಒಂದನ್ನು ವಸತಿಗಾಗಿ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾಗೆ, ಒಂದನ್ನು ಮಾಲೀಕನಿಗೆ ಎಂದಿತ್ತು. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಗಿರಣಿಯೊಳಗಿನ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. ಕಟ್ಟಡಗಳಿಂದ ತುಂಬಿದ್ದ ಗಿರಣಿಗಳಲ್ಲಿ ಖಾಲಿ ನೆಲ ಕಡಿಮೆಯಿದ್ದುದರಿಂದ ಸಾರ್ವಜನಿಕ ಪಾಲು ಕುಗ್ಗಿತು. ಬಾಂಬೆ ಎನ್ವಿರಾನ್ಮೆಂಟಲ್ ಆಕ್ಷನ್ ಗ್ರೂಪ್ ಸಲ್ಲಿಸಿದ ಅರ್ಜಿಯ ಮೇಲೆ 2005ರಲ್ಲಿ ಬಾಂಬೆ ಹೈಕೋರ್ಟು ನೀಡಿದ ಅನುಕೂಲಕರ ತೀರ್ಪನ್ನು 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿದ ಮೇಲೆ ತಿದ್ದುಪಡಿಯೇ ಉಳಿಯಿತು.

ಈ ವ್ಯಾಜ್ಯದ ಚರ್ಚೆಯೆಲ್ಲ ನೆಲದ ಪಾಲಿನ ಸುತ್ತ ನಡೆಯಿತು. ನೆಲದ ಮೇಲೆ ನಿಂತದ್ದನ್ನು ಕೆಡವುವ ಮೊದಲು ಪೂರ್ತಿಯಾಗಿ ದಾಖಲಿಸಿ ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಬೇಕು ಎಂಬ ಷರತ್ತು ಮೂರು ಪಾಲಿನ ಸೂತ್ರದಲ್ಲಿ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಮುಂಬಯಿ ಕಳೆದುಕೊಂಡ ಅತ್ಯಂತ ಅಗ್ಗದ ಅವಕಾಶ ಇದೇ. ನೂರಾರು ಕೋಟಿಯ ವ್ಯವಹಾರದಲ್ಲಿ ದಾಖಲಾತಿಯ ವೆಚ್ಚ ಲೆಕ್ಕಕ್ಕೂ ಸಿಗದಷ್ಟು ಸಣ್ಣದು.

ಬೇರೆ ದೇಶಗಳು ಈ ಷರತ್ತನ್ನು ಎಲ್ಲಿ ಹಾಕಿದವು

ಅಮೆರಿಕದಲ್ಲಿ 1966ರ ಪರಂಪರೆ ಕಾಯಿದೆಯ ಪ್ರಕಾರ, ಕೇಂದ್ರ ಸರಕಾರದ ಹಣ ಅಥವಾ ಪರವಾನಗಿ ಇರುವ ಕಾಮಗಾರಿಯಿಂದ ಐತಿಹಾಸಿಕ ತಾಣಕ್ಕೆ ಹಾನಿಯಾಗುವಂತಿದ್ದರೆ ಮೊದಲು ಅದರ ಪರಿಶೀಲನೆ ನಡೆಯಬೇಕು. ಹಾನಿ ತಪ್ಪಿಸಲಾಗದಿದ್ದಲ್ಲಿ ವಿವರವಾದ ದಾಖಲಾತಿಯನ್ನು ಪರಿಹಾರವಾಗಿ ಕೇಳಲಾಗುತ್ತದೆ. 1969ರಲ್ಲಿ ಅಲ್ಲಿ ಕೈಗಾರಿಕೆ ಮತ್ತು ಎಂಜಿನಿಯರಿಂಗ್ ತಾಣಗಳಿಗೆಂದೇ ಪ್ರತ್ಯೇಕ ದಾಖಲಾತಿ ಯೋಜನೆ ಆರಂಭವಾಯಿತು. ಅಳತೆ ನಕ್ಷೆ, ಛಾಯಾಚಿತ್ರ, ಲಿಖಿತ ಇತಿಹಾಸ ಮೂರೂ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಸೇರಿ ಯಾರಿಗೂ ಸಿಗುವಂತಿರುತ್ತವೆ. ಇಂಗ್ಲೆಂಡಿನಲ್ಲಿ 1990ರ ಯೋಜನಾ ಮಾರ್ಗಸೂಚಿಯ ನಂತರ ಭೂಮಿಯಡಿಯ ಅವಶೇಷಗಳನ್ನು ದಾಖಲಿಸುವ ಖರ್ಚನ್ನು ಕಟ್ಟುವವನೇ ಹೊರುವ ಪದ್ಧತಿ ನೆಲೆಯೂರಿತು. ಇದಲ್ಲದೆ 1994ರಲ್ಲಿ ಆರಂಭವಾದ ರಾಷ್ಟ್ರೀಯ ಲಾಟರಿಯಿಂದ ಒಳ್ಳೆಯ ಕೆಲಸಗಳಿಗೆ ಹೋಗುವ ಹಣದ ಐದನೆಯ ಒಂದು ಪಾಲು ಪರಂಪರೆಗೆ ಮೀಸಲು.

ಜರ್ಮನಿಯ ರೂರ್ ಪ್ರದೇಶದ ಲೆಕ್ಕಾಚಾರ ಇನ್ನೂ ಕುತೂಹಲಕರ. ಕಲ್ಲಿದ್ದಲು ಗಣಿಗಳು ಮುಚ್ಚಿದಾಗ ಅವನ್ನು ಕೆಡವಿ ನೆಲ ಶುಚಿಗೊಳಿಸುವುದೇ ಕಂಪನಿಗೆ ದೊಡ್ಡ ಖರ್ಚಾಗಿತ್ತು. 1995ರಲ್ಲಿ ಅಲ್ಲಿನ ರಾಜ್ಯ ಸರಕಾರ ಮತ್ತು ಗಣಿ ಕಂಪನಿ ಸೇರಿ ಕೈಗಾರಿಕಾ ಸ್ಮಾರಕಗಳ ಪ್ರತಿಷ್ಠಾನವನ್ನು ಸ್ಥಾಪಿಸಿ, ಕೆಡವದೆ ಉಳಿಸಿದ್ದರಿಂದ ಉಳಿತಾಯವಾದ ಹಣವನ್ನು ಸಂರಕ್ಷಣೆಗೆ ಹರಿಸಿದವು. 1986ರಲ್ಲಿ ಮುಚ್ಚಿದ ಝೋಲ್‌ಫೆರಾಯ್ನ್ ಗಣಿ 2001ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿತು. ಮುಂಬಯಿಗೆ ಇದನ್ನು ಹಾಗೆಯೇ ತರಲಾಗದು, ಏಕೆಂದರೆ ಅಲ್ಲಿ ಖಾಲಿ ನೆಲಕ್ಕೆ ಗಿರಾಕಿಗಳಿರಲಿಲ್ಲ, ಇಲ್ಲಿ ಸಾಲುಗಟ್ಟಿ ನಿಂತಿದ್ದಾರೆ.

ಬೈಕಲಾದ ತ್ರಿಪಕ್ಷೀಯ ಒಪ್ಪಂದ

ಮುಂಬಯಿಯಲ್ಲೇ ಕೆಲಸ ಮಾಡಿದ ಒಂದು ಮಾದರಿ ಗಿರಣಗಾಂವ್‌ನ ಅಂಚಿನಲ್ಲಿದೆ. ರಾಣಿಬಾಗ್ ಉದ್ಯಾನದ ಪಕ್ಕದಲ್ಲಿ 1872ರಲ್ಲಿ ತೆರೆದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ ಪಾಲಿಕೆಯ ಆಸ್ತಿ, ಬಹುಕಾಲ ಶಿಥಿಲವಾಗಿತ್ತು. 2003ರಲ್ಲಿ ಪಾಲಿಕೆ, ಪರಂಪರೆ ಸಂರಕ್ಷಣೆಯ ಸಂಸ್ಥೆಯಾದ ಇಂಟ್ಯಾಕ್ ಮತ್ತು ಜಮ್ನಾಲಾಲ್ ಬಜಾಜ್ ಪ್ರತಿಷ್ಠಾನ ಒಪ್ಪಂದ ಮಾಡಿಕೊಂಡವು. ಆಸ್ತಿಯ ಒಡೆತನ ಪಾಲಿಕೆಯಲ್ಲೇ ಉಳಿಯಿತು, ತಾಂತ್ರಿಕ ಜ್ಞಾನ ಇಂಟ್ಯಾಕ್‌ನದು, ದೇಣಿಗೆ ಪ್ರತಿಷ್ಠಾನದ್ದು. ಕಟ್ಟಡದ ಕೆಲಸಕ್ಕೆ 2005ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಬಂತು, 2008ರಲ್ಲಿ ಸಂಗ್ರಹಾಲಯ ಮತ್ತೆ ತೆರೆಯಿತು. ಹಣ, ತಿಳಿವಳಿಕೆ, ಒಡೆತನ ಮೂರೂ ಒಬ್ಬರಲ್ಲೇ ಇರಬೇಕಾಗಿಲ್ಲ ಎಂಬುದನ್ನು ಇದು ತೋರಿಸುತ್ತದೆ. ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಗಿರಣಿ 2 ಮತ್ತು 3ರ ಆವರಣದಲ್ಲಿ ಪಾಲಿಕೆ ಕೈಗೆತ್ತಿಕೊಂಡ ಜವಳಿ ವಸ್ತುಸಂಗ್ರಹಾಲಯದ ಯೋಜನೆ ಗಿರಣಿಯ ಕಥೆಗೆ ಇನ್ನೂ ನೇರವಾಗಿ ಸಂಬಂಧಿಸಿದ್ದು. ಆದರೆ ಸಂಗ್ರಹಾಲಯಕ್ಕೆ ಕಟ್ಟಡದಷ್ಟೇ ಅಗತ್ಯವಾದದ್ದು ಒಳಗಿಡುವ ಕಾಗದ, ಯಂತ್ರ, ಧ್ವನಿ. ಅವು ಮೊದಲೇ ಸಂಗ್ರಹವಾಗಿರದಿದ್ದರೆ ಹೊರಗಿನ ಅಲಂಕಾರದಿಂದ ಆ ಕೊರತೆ ತುಂಬುವುದಿಲ್ಲ.

ಒಂದು ಸಂಘ ಅರ್ಜಿ ಹಾಕುವುದಾದರೆ

ಮುಂಬಯಿಯ ಕನ್ನಡ ಸಂಘಗಳಲ್ಲಿ ಅನೇಕವು ದಶಕಗಳಷ್ಟು ಹಳೆಯ ನೋಂದಾಯಿತ ಸಂಸ್ಥೆಗಳು. ಲೆಕ್ಕಪತ್ರ, ವಾರ್ಷಿಕ ಸಭೆ, ದತ್ತಿನಿಧಿಯ ಬಡ್ಡಿಯಲ್ಲಿ ಉಪನ್ಯಾಸ ನಡೆಸುವ ಪದ್ಧತಿ ಅವುಗಳಿಗೆ ರೂಢಿ. ಕಟ್ಟಡ ಉಳಿಸುವುದು ಅವುಗಳ ಶಕ್ತಿಗೆ ಮೀರಿದ್ದು. ಗಿರಣಿ ಪ್ರದೇಶದ ಹೋಟೆಲು ಕೆಲಸಗಾರರ, ರಾತ್ರಿಶಾಲೆಯ ವಿದ್ಯಾರ್ಥಿಗಳ, ಗಿರಣಿಯಲ್ಲೇ ದುಡಿದ ಕನ್ನಡಿಗರ ಮೌಖಿಕ ಇತಿಹಾಸ ಮತ್ತು ಕುಟುಂಬಗಳ ಬಳಿಯಿರುವ ಕಾಗದಗಳ ಸಂಗ್ರಹ ಅವುಗಳ ಕೈಯಳತೆಯಲ್ಲಿದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಂಥ ಕಡೆಯ ಸಂಶೋಧಕರು ಜೊತೆಗೂಡಿದರೆ ಅನುಭವದ ಷರತ್ತನ್ನು ಪೂರೈಸುವುದೂ ಸುಲಭವಾದೀತು.

ಅಂದಾಜುಪಟ್ಟಿ ತಯಾರಿಸುವಾಗ ಸಾಮಾನ್ಯವಾಗಿ ಕ್ಯಾಮರಾ, ಧ್ವನಿಮುದ್ರಕ, ಉದ್ಘಾಟನಾ ಸಮಾರಂಭದ ಖರ್ಚನ್ನು ಬರೆದು, ಬರಹಕ್ಕಿಳಿಸುವವರ ಮತ್ತು ಸೂಚಿ ಮಾಡುವವರ ಸಂಭಾವನೆಯನ್ನು ಸ್ವಯಂಸೇವೆಯ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಯೋಜನೆಗಳು ಅರ್ಧಕ್ಕೆ ನಿಲ್ಲುವುದು ಅಲ್ಲೇ, ಹಾಗಾಗಿ ಅನುಪಾತ ತಿರುಗುಮುರುಗಾಗಬೇಕು. ಕಡತಗಳ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಎಂಬುದು ಡಿಜಿಟಲ್ ಸಂಗ್ರಹದ ಒಪ್ಪಿತ ರೂಢಿ. ಹಾರ್ಡ್ ಡಿಸ್ಕುಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾದುದರಿಂದ ಅದರ ಖರ್ಚಿಗೆ ಮೂರು ವರ್ಷದ ಅನುದಾನಕ್ಕಿಂತ ದತ್ತಿನಿಧಿಯೇ ಸರಿಯಾದ ದಾರಿ. ಸಂದರ್ಶನ ಕೊಟ್ಟವರಿಂದ ಅವರ ಭಾಷೆಯಲ್ಲೇ ಬರೆದ ಒಪ್ಪಿಗೆ ಪತ್ರ ಪಡೆದಿರಬೇಕು, ಅದರಲ್ಲಿ ಧ್ವನಿಯನ್ನು ಯಾರು, ಯಾವುದಕ್ಕೆ, ಎಷ್ಟರ ಮಟ್ಟಿಗೆ ಬಳಸಬಹುದು ಎಂಬುದು ಸ್ಪಷ್ಟವಾಗಿರಬೇಕು. ಮುಗಿದ ಸಂಗ್ರಹ ಯಾವ ಗ್ರಂಥಾಲಯಕ್ಕೆ ಅಥವಾ ಪತ್ರಾಗಾರಕ್ಕೆ ಸೇರುತ್ತದೆ ಎಂಬುದನ್ನು ಅರ್ಜಿಯಲ್ಲೇ ಹೆಸರಿಸಿ ಆ ಸಂಸ್ಥೆಯ ಲಿಖಿತ ಸಮ್ಮತಿಯನ್ನು ಲಗತ್ತಿಸುವುದು ಒಳ್ಳೆಯದು; ಹಣ ಕೊಡುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.